ಒಂದು ಹೊತ್ತಿಗೆ ಒಂದೇ ಮನೆ

ಹೋದ ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗನ ಮದುವೆ. ಹುಡುಗಿಯ ಊರು ಶಿರಸಿ. ಬೆಂಗಳೂರಿನಿಂದ ಹಾವೇರಿ ಮೇಲೆ ಹೋದರೆ ಹೆದ್ದಾರಿ, ಬೇಗ ಸೇರಬಹುದು. ಆದರೆ ಆ ದಾರಿಯಲ್ಲಿ ನಮ್ಮವರು ಯಾರೂ ಇಲ್ಲ. ಅಮ್ಮನಿಗೆ ತಿಪಟೂರು, ಶಿವಮೊಗ್ಗ, ಸಾಗರ ಮೂರೂ ಕಡೆ ತಲೆ ತೋರಿಸಲೇಬೇಕಿತ್ತು.

ಹಿಂದೊಮ್ಮೆ ಹೀಗೇ ಹೊರಟು, ಒಂದೇ ಮಧ್ಯಾಹ್ನ ಎರಡು ಮನೆಯಲ್ಲಿ ಊಟ ಮಾಡಿ ಒದ್ದಾಡಿದ್ದೆವು. ಅದಕ್ಕೇ ಈ ಸಲ ಒಂದು ಹೊತ್ತಿಗೆ ಒಂದೇ ಮನೆ ಅಂತ ಇಟ್ಟುಕೊಂಡೆ. ‘ಬರೀ ಕಾಫಿ ಸಾಕು’ ಅಂದರೆ ಯಾರೂ ನಂಬಲ್ಲ, ಅಲ್ವಾ? ಹಾಗಾಗಿ ತಿಪಟೂರಿನ ಸೋದರತ್ತೆಗೆ ನಾನೇ ಫೋನ್ ಮಾಡಿ, ‘ಎಂಟೂವರೆಗೆ ತಿಂಡಿಗೆ ಬರ್ತೀವಿ ಅತ್ತೆ, ಹತ್ತಕ್ಕೆ ಹೊರಡ್ತೀವಿ’ ಅಂದೆ. ಶಿವಮೊಗ್ಗದ ಅಣ್ಣನ ಮನೆಗೆ ಮಧ್ಯಾಹ್ನದ ಊಟ. ಸಾಗರದ ದೊಡ್ಡಮ್ಮನ ಮನೆ ವಾಪಸ್ ಬರುವಾಗ. ಅವರಿಗೆ ಎಲ್ಲರಿಗಿಂತ ಮೊದಲು ಹೇಳಿದೆ. ‘ನಮ್ಮೂರಿನ ಮೇಲೇ ಹೋದ್ರಂತೆ’ ಅಂತ ಬೇರೆಯವರಿಂದ ಕಿವಿಗೆ ಬಿದ್ದರೆ ಮುಗಿಯಿತು ಕಥೆ.

ಬೆಳಗ್ಗೆ ಐದಕ್ಕೆ ಹೊರಟೆವು. ಕ್ಯಾತ್ಸಂದ್ರದಲ್ಲಿ ಯಜಮಾನರು ತಟ್ಟೆ ಇಡ್ಲಿ ಅಂತ ಗಾಡಿ ನಿಲ್ಲಿಸಿಯೇ ಬಿಟ್ಟರು. ಬೇಡ ಅಂದರೂ ಎರಡು ತಿಂದರು. ಅತ್ತೆ ಮನೆಯಲ್ಲಿ ನಾಲ್ಕನೇ ಅಕ್ಕಿ ರೊಟ್ಟಿ ತಟ್ಟೆಗೆ ಬಿದ್ದಾಗ ಅವರ ಮುಖ ನೋಡಬೇಕಿತ್ತು.

ನಾನು ಲೆಕ್ಕ ಹಾಕದೇ ಇದ್ದದ್ದು ತೆಂಗಿನಕಾಯಿ. ತಿಪಟೂರು, ಕೇಳಬೇಕೇ! ಹೊರಡುವಾಗ ಮಾವ ಅರ್ಧ ಮೂಟೆ ಕಾಯಿ ತಂದು ಡಿಕ್ಕಿಯಲ್ಲಿ ಇಟ್ಟರು, ನೇರ ನನ್ನ ರೇಷ್ಮೆ ಸೀರೆಯ ಬ್ಯಾಗಿನ ಮೇಲೆ. ಅವರು ಒಳಗೆ ಹೋದ ಮೇಲೆ ಎಲ್ಲ ಇಳಿಸಿ, ಮೂಟೆ ಕೆಳಗೆ, ಸೀರೆ ಮಕ್ಕಳ ಮಡಿಲಿಗೆ. ಕಡೂರು ದಾಟುವ ತನಕ ಹಿಂದಿನಿಂದ ಲೊಡಲೊಡ ಸದ್ದು. ಶಿವಮೊಗ್ಗದಲ್ಲಿ ಅತ್ತಿಗೆಗೆ ಮೂಟೆ ದಾಟಿಸಿದೆ. ಅವರು ಸುಮ್ನೆ ಕಳಿಸ್ತಾರಾ? ಎರಡು ಕಟ್ಟು ಹಲಸಿನ ಹಪ್ಪಳ ಕೊಟ್ಟರು. ಪುಣ್ಯಕ್ಕೆ ಅದು ಹಗುರ.

ಸಾಗರ ದಾಟಿ ಸಿದ್ದಾಪುರದ ತಿರುವುಗಳಲ್ಲಿ ಚಿಕ್ಕವಳು ಊಟವನ್ನೆಲ್ಲ ಕಕ್ಕಿದಳು. ಮಲೆನಾಡಿನ ರಸ್ತೆಗೆ ಮಕ್ಕಳ ಹೊಟ್ಟೆ ಅರ್ಧ ಖಾಲಿ ಇರಬೇಕು. ಇದು ಅತ್ತಿಗೆಗೆ ಹೇಳುವ ಮಾತಲ್ಲ, ಮೂರನೇ ಸಲ ಪಾಯಸ ಬಡಿಸುವಾಗ ಮಗುವನ್ನು ಎಬ್ಬಿಸಿಕೊಂಡು ಹೋಗುವ ಕೆಲಸ. ಕತ್ತಲಾಗುವಷ್ಟರಲ್ಲಿ ಶಿರಸಿ. ಮದುವೆ ಚೆನ್ನಾಗಾಯಿತು, ಅಪ್ಪೆಹುಳಿಯನ್ನು ನಾನು ಲೋಟದಲ್ಲಿ ಕೇಳಿ ಕುಡಿದೆ.

ವಾಪಸ್ ಬರುವಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. ‘ತಿಪಟೂರಿನ ಕಾಯಿ ಶಿವಮೊಗ್ಗದಲ್ಲೇ ಮುಗೀತಂತೆ?’ ಅಂದರು. ಸುದ್ದಿ ಕಾರಿಗಿಂತ ಮುಂಚೆ ಬಂದಿತ್ತು. ಆದರೂ ಹೊರಡುವಾಗ ಒಂದು ಡಬ್ಬ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟರು. ಮುಚ್ಚಳದ ಮೇಲೆ ಬಟ್ಟೆ ಕಟ್ಟಿ, ನನ್ನ ಕಾಲ ಹತ್ತಿರವೇ ಇಟ್ಟುಕೊಂಡೆ. ತರೀಕೆರೆ ಹತ್ತಿರ ಒಂದು ಹಂಪು ಕಾಣಲಿಲ್ಲ. ಕಾರಿನ ಮ್ಯಾಟನ್ನು ಎರಡು ಸಲ ತೊಳೆದಿದ್ದೇನೆ, ಈಗಲೂ ಬಿಸಿಲಿಗೆ ನಿಲ್ಲಿಸಿದರೆ ಮಿಡಿಯ ಘಮ ಬರುತ್ತದೆ.