ಬುಧವಾರದ ಮಧ್ಯಾಹ್ನ ನೋಡಿ ಊರು ಆರಿಸಿ: ಕೆಲಸ ಬಿಡದೆ ಮೂರು ತಿಂಗಳು ಒಬ್ಬರೇ ತಿರುಗುವವರ ತಯಾರಿ

ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದೆಂದು ಕಂಪನಿ ಒಪ್ಪಿಕೊಂಡಿರುವ, ಇಪ್ಪತ್ತೈದರ ಆಸುಪಾಸಿನ ಯಾರಿಗೇ ಆದರೂ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು ಮಾಡುವ ಕೆಲಸವನ್ನೇ ಉಡುಪಿಯಲ್ಲೋ ಶಿರಸಿಯಲ್ಲೋ ಕುಳಿತು ಏಕೆ ಮಾಡಬಾರದು ಎಂಬ ಯೋಚನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಯೋಚನೆ ಒಳ್ಳೆಯದೇ. ಆದರೆ ಅದನ್ನು ಪ್ರವಾಸದಂತೆ ಯೋಜಿಸಲು ಹೊರಟರೆ ಎರಡನೆಯ ವಾರಕ್ಕೇ ಕೆಲಸವೂ ಕೆಡುತ್ತದೆ, ತಿರುಗಾಟದ ಸುಖವೂ ಹೋಗುತ್ತದೆ. ಪ್ರವಾಸಕ್ಕೆ ಹೋಗುವವರು ಒಂದು ಊರು ಭಾನುವಾರ ಹೇಗಿರುತ್ತದೆ ಎಂದು ನೋಡುತ್ತಾರೆ; ಕೆಲಸವನ್ನು ಜೊತೆಗೆ ಹೊತ್ತೊಯ್ಯುವವರು ಅದೇ ಊರು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಹೇಗಿರುತ್ತದೆ ಎಂದು ನೋಡಬೇಕು. ಕರೆಂಟು ಇರುತ್ತದೆಯೇ, ಮಾತನಾಡಲು ಸದ್ದಿಲ್ಲದ ಕೋಣೆ ಇದೆಯೇ, ಸಭೆ ಮುಗಿಯುವ ಹೊತ್ತಿಗೆ ಊಟ ಸಿಗುತ್ತದೆಯೇ ಎಂಬವೇ ಇಲ್ಲಿ ಮುಖ್ಯವಾದ ಪ್ರಶ್ನೆಗಳು. ಮೈಸೂರು, ಉಡುಪಿ, ಶಿರಸಿಗಳಲ್ಲಿ ಹೀಗೆ ಮೂರು ತಿಂಗಳು ಕಳೆದ ಅನುಭವದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಅನುಮತಿ

ಊರು ಗೊತ್ತುಮಾಡುವ ಮೊದಲು ಮ್ಯಾನೇಜರರಿಗೆ ಒಂದು ಇಮೇಲ್ ಬರೆಯಿರಿ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಲ್ಲಿರುತ್ತೀರಿ, ದಿನದ ಯಾವ ಹೊತ್ತಿನಲ್ಲಿ ಸಿಗುತ್ತೀರಿ, ತುರ್ತಾಗಿ ಕಚೇರಿಗೆ ಬರಬೇಕಾದರೆ ಎಷ್ಟು ಗಂಟೆಯಲ್ಲಿ ತಲುಪಬಲ್ಲಿರಿ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನವೇ ಮುಗಿದುಹೋಗುತ್ತದೆ. ಬ್ಯಾಂಕು, ಆಸ್ಪತ್ರೆಗಳ ಮಾಹಿತಿಯ ಮೇಲೆ ಕೆಲಸ ಮಾಡುವ ತಂಡಗಳಲ್ಲಿ, ಗೊತ್ತುಪಡಿಸಿದ ಜಾಗದ ಹೊರಗೆ ಕುಳಿತು ಆ ಮಾಹಿತಿಯನ್ನು ತೆರೆಯಬಾರದೆಂಬ ಷರತ್ತು ಗ್ರಾಹಕರ ಒಪ್ಪಂದದಲ್ಲೇ ಇರಬಹುದು. ಅದನ್ನು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಕ್ಷೇಮ. ಹೊರದೇಶಕ್ಕೆ ಹೋಗುವ ಆಲೋಚನೆಯಿದ್ದರೆ ವೀಸಾ ಮತ್ತು ತೆರಿಗೆಯ ಪ್ರಶ್ನೆಗಳು ಬೇರೆಯೇ ಆಗುವುದರಿಂದ, ಮೊದಲ ಸಲ ದೇಶದೊಳಗೇ, ಸಾಧ್ಯವಾದರೆ ರಾಜ್ಯದೊಳಗೇ ತಿರುಗುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಭಾಷೆ ಗೊತ್ತಿರುವ ಊರಿನಲ್ಲಿ ಅರ್ಧದಷ್ಟು ತೊಂದರೆಗಳು ಒಂದು ಫೋನ್ ಕರೆಯಲ್ಲಿ ಬಗೆಹರಿಯುತ್ತವೆ.

ತಿಂಗಳು ಮತ್ತು ಊರು

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡು ನೋಡಲು ಎಷ್ಟೇ ಚೆಂದವಿದ್ದರೂ ಕೆಲಸಕ್ಕೆ ಒದಗುವುದಿಲ್ಲ. ಗಾಳಿ ಮಳೆಗೆ ಮರ ಉರುಳಿ ತಂತಿ ಹರಿದರೆ ಕರೆಂಟು ಮರಳಿ ಬರಲು ಒಂದು ದಿನವೂ ಹಿಡಿಯಬಹುದು, ಮೂರು ದಿನವೂ ಹಿಡಿಯಬಹುದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲವೇ ಇದಕ್ಕೆ ತಕ್ಕದ್ದು. ಅಕ್ಟೋಬರಿನಲ್ಲಿಯೂ ಸಂಜೆಯ ಗುಡುಗು ಸಿಡಿಲಿನ ಮಳೆ ಪೂರ್ತಿ ನಿಂತಿರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಊರ ಹಬ್ಬಗಳ ಪಂಚಾಂಗವನ್ನೂ ಪಕ್ಕದಲ್ಲಿಟ್ಟುಕೊಂಡೇ ದಿನಾಂಕ ನಿಶ್ಚಯಿಸಿ. ದಸರೆಯ ದಿನಗಳಲ್ಲಿ ಮೈಸೂರಿನಲ್ಲಿ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದರ ಏರಿರುತ್ತದೆ. ಉಡುಪಿಯ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ಇಸವಿಗಳ ಜನವರಿ 18ರಂದು ನಡೆಯುತ್ತದೆ. ಶಿರಸಿಯ ಮಾರಿಕಾಂಬೆ ಜಾತ್ರೆಯೂ ಎರಡು ವರ್ಷಕ್ಕೊಮ್ಮೆಯೇ. ಈ ದಿನಗಳನ್ನು ನೋಡಲೇಬೇಕು ಎನಿಸಿದರೆ ರಜೆ ಹಾಕಿ ನೋಡಿ, ಆ ವಾರ ಅಲ್ಲಿ ಕುಳಿತು ಕೆಲಸ ಮಾಡುತ್ತೇನೆಂದು ಮಾತ್ರ ಲೆಕ್ಕ ಹಾಕಬೇಡಿ. ಗೋಕರ್ಣವನ್ನು ನಾನು ವಾರದ ಕೊನೆಗೆ ಹೋಗಿಬರುವ ಊರಾಗಿಯೇ ಇಟ್ಟುಕೊಂಡೆ. ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗೆ ಅಲ್ಲಿನ ಜನಜಂಗುಳಿಯಲ್ಲಿ ಸಭೆಗೆ ಕೂರುವುದಕ್ಕಾಗುವುದಿಲ್ಲ.

ಒಂದೊಂದು ಊರಿನಲ್ಲಿ ಕನಿಷ್ಠ ಮೂರು ವಾರ ನಿಲ್ಲಬೇಕೆಂಬುದನ್ನು ನಾನು ನಿಯಮದಂತೆಯೇ ಹೇಳುತ್ತೇನೆ. ಮೊದಲ ವಾರ ನೀರು, ಊಟ, ಬಟ್ಟೆ ಒಗೆಯುವುದು, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂಬುದರಲ್ಲೇ ಕಳೆಯುತ್ತದೆ. ಎರಡನೆಯ ವಾರ ಕೆಲಸ ಹಳಿಗೆ ಬರುತ್ತದೆ. ಊರು ನಿಮ್ಮ ಜೊತೆ ಮಾತಾಡಲು ಶುರುಮಾಡುವುದು ಮೂರನೆಯ ವಾರದಲ್ಲಿ. ಮೊದಲ ನಿಲ್ದಾಣ ಹತ್ತಿರದ, ಅನುಕೂಲವಿರುವ ದೊಡ್ಡ ಊರಾಗಿರಲಿ. ವಿಜಯದಶಮಿ ಮುಗಿದ ಮೇಲೆ ಮೈಸೂರಿನಲ್ಲಿ ಮೂರು ವಾರ ಇದ್ದದ್ದು ನನಗೆ ತಾಲೀಮಿನಂತಾಯಿತು. ಏನನ್ನು ಮರೆತಿದ್ದೇನೆ ಎಂದು ಅಲ್ಲಿ ತಿಳಿದಾಗ ಬೆಂಗಳೂರಿಗೆ ಒಂದು ಶನಿವಾರ ಹೋಗಿ ತರುವುದಕ್ಕೂ ಸಾಧ್ಯವಿತ್ತು. ಎರಡನೆಯ ನಿಲ್ದಾಣಕ್ಕೆ ಉಡುಪಿಯ ಪಕ್ಕದ ಮಣಿಪಾಲ ಚೆನ್ನಾಗಿ ಒದಗುತ್ತದೆ. ವಿದ್ಯಾರ್ಥಿಗಳ ಊರಾದ್ದರಿಂದ ತಿಂಗಳ ಲೆಕ್ಕದ ಕೋಣೆ, ರಾತ್ರಿ ತಡವಾಗಿ ಊಟ ಸಿಗುವ ಹೋಟೆಲು, ದೊಡ್ಡ ಆಸ್ಪತ್ರೆ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿವೆ. ಹಳ್ಳಿಯ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಒಂದು ಊರಿನಿಂದ ಇನ್ನೊಂದಕ್ಕೆ ಶನಿವಾರವೇ ಹೊರಡಿ, ಭಾನುವಾರ ಪೂರ್ತಿ ಹೊಸ ಕೋಣೆಯನ್ನು ಪರೀಕ್ಷಿಸಲು ಸಿಗುತ್ತದೆ. ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿ, ಕುಂದಾಪುರ, ಕುಮಟಾಗಳನ್ನು ಮುಟ್ಟುತ್ತದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿರುವುದರಿಂದ, ವಾಪಸು ಬರುವ ಟಿಕೆಟ್ಟಿಗೆ ಫೋನಿನಲ್ಲಿ ನೆನಪಿನ ಗಂಟೆ ಇಟ್ಟುಕೊಳ್ಳಬೇಕು. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತ. ಆದರೆ ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಹೆಚ್ಚು ಓಡುವುದು ಖಾಸಗಿ ಬಸ್ಸುಗಳಾದ್ದರಿಂದ ಅಲ್ಲಿ ಟಿಕೆಟ್ಟಿನ ದುಡ್ಡು ತೆಗೆದಿಟ್ಟಿರಬೇಕು.

ನೆಟ್ಟು, ಕರೆಂಟು, ಕುರ್ಚಿ

ಉಳಿದುಕೊಳ್ಳಲಿರುವ ಮನೆಯವರಿಗೆ ಫೋನು ಮಾಡಿ "ವೈಫೈ ಇದೆಯಾ" ಎಂದು ಕೇಳಿದರೆ "ಇದೆ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ನಿಮಗೆ ಬೇಕಾದ ಉತ್ತರವೂ ಅಲ್ಲ. ಶಿರಸಿಯ ಹತ್ತಿರದ ಅಡಿಕೆ ತೋಟದ ಮನೆಗೆ ನಾನು ಹಾಗೆ ಕೇಳಿದಾಗ, ಮನೆಯ ಹಿರಿಯರು "ನೆಟ್ ಬತ್ತು ತಮಾ, ಅಂಗಳಕ್ಕೆ ಬಂದ್ರೆ ಬತ್ತು" ಎಂದು ಪ್ರಾಮಾಣಿಕವಾಗಿ ಹೇಳಿದ್ದರು. ಆ ಮಾತಿನ ತೂಕ ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ, ಅಂಗಳದ ತುಂಬ ಅಡಿಕೆ ಹರವಿದ್ದು ನೋಡಿದಾಗ. ಆದ್ದರಿಂದ ಕೇಳುವ ರೀತಿಯನ್ನೇ ಬದಲಿಸಿ. ನಾನು ಕೂರುವ ಕೋಣೆಯಲ್ಲೇ ನಿಂತು, ನನ್ನ ಸಭೆ ನಡೆಯುವ ಹೊತ್ತಿನಲ್ಲೇ, ಫೋನಿನಲ್ಲಿ ವೇಗ ಅಳೆದು ಅದರ ಚಿತ್ರ ಕಳುಹಿಸುವಿರಾ ಎಂದು ವಿನಯದಿಂದ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಆ ಚಿತ್ರದಲ್ಲಿ ಡೌನ್‌ಲೋಡಿಗಿಂತ ಅಪ್‌ಲೋಡಿನ ಅಂಕಿಯನ್ನು ನೋಡಿ; ನಿಮ್ಮ ಧ್ವನಿ ತುಂಡಾಗುವುದು ಅಲ್ಲಿಂದ. ಎರಡೂ ಕಡೆ ಐದು ಎಂಬಿಪಿಎಸ್ ನಿಲ್ಲುತ್ತದೆ ಎಂದಾದರೆ ವಿಡಿಯೋ ಸಭೆಗೆ ತೊಂದರೆಯಿಲ್ಲ.

ಬೇರೆ ಬೇರೆ ಕಂಪನಿಗಳ ಎರಡು ಸಿಮ್ ಇರಲಿ. ಮಲೆನಾಡಿನ ಒಳಭಾಗದಲ್ಲಿ ಬಿಎಸ್ಎನ್ಎಲ್ ಒಂದೇ ಸಿಗುವ ಊರುಗಳಿವೆ, ಯಾವುದು ಸಿಗುತ್ತದೆ ಎಂದು ಆ ಊರಿನ ಅಂಗಡಿಯವರನ್ನೇ ಕೇಳುವುದು ಒಳ್ಳೆಯದು. ಒಂದು ಗಂಟೆಯ ವಿಡಿಯೋ ಸಭೆಗೆ ಸಾಮಾನ್ಯವಾಗಿ ಒಂದು ಜಿಬಿಯಷ್ಟು ಡೇಟಾ ಬೇಕಾಗುವುದರಿಂದ, ದಿನಕ್ಕೆ ಎರಡು ಜಿಬಿಯ ಪ್ಯಾಕನ್ನು ನಂಬಿ ಕೂರಬೇಡಿ.

ಕರೆಂಟಿನ ವಿಷಯದಲ್ಲಿ ಒಂದು ಸಂಗತಿ ನನಗೆ ಪೆಟ್ಟು ತಿಂದ ಮೇಲೆ ತಿಳಿಯಿತು. ಕರೆಂಟು ಹೋದ ತಕ್ಷಣ ಮನೆಯ ರೂಟರ್ ನಿಲ್ಲುತ್ತದೆ, ಮೊಬೈಲ್ ನೆಟ್‌ವರ್ಕ್ ಮಾತ್ರ ಇರುತ್ತದೆ. ಅದನ್ನು ನೋಡಿ ಸಮಾಧಾನದಿಂದ ಕೂತರೆ, ಕೆಲವು ಗಂಟೆಗಳಲ್ಲಿ ಟವರಿನ ಬ್ಯಾಟರಿಯೂ ಮುಗಿದು ಫೋನು ಮೂಕವಾಗುತ್ತದೆ. ಒಂದು ಗುರುವಾರ ಸಂಜೆ, ಗ್ರಾಹಕರಿಗೆ ನಾನೇ ವಿವರಿಸಬೇಕಾಗಿದ್ದ ಸಭೆಗೆ ಇಪ್ಪತ್ತು ನಿಮಿಷವಿದ್ದಾಗ ಹೀಗಾಯಿತು. ಸಹೋದ್ಯೋಗಿಗೆ ತಿಳಿಸುವುದಕ್ಕೂ ದಾರಿಯಿಲ್ಲದೆ, ಮನೆಯವರ ಸ್ಕೂಟರಿನಲ್ಲಿ ಪೇಟೆಯ ದಾರಿ ಹಿಡಿದು, ನೆಟ್‌ವರ್ಕ್ ಸಿಕ್ಕ ಮೊದಲ ತಿರುವಿನಲ್ಲಿ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಸಭೆ ನಡೆಯಿತು. ಆದರೆ ಅಂದಿನಿಂದ ಕರೆಂಟು ಹೋದ ಐದನೆಯ ನಿಮಿಷಕ್ಕೇ ತಂಡಕ್ಕೆ ಸಂದೇಶ ಹಾಕುವುದನ್ನೂ, ಕರೆಂಟು ಒಂದು ಗಂಟೆಯೊಳಗೆ ಬಾರದಿದ್ದರೆ ಪೇಟೆಗೆ ಹೊರಡುವುದನ್ನೂ ರೂಢಿ ಮಾಡಿಕೊಂಡೆ. ರೂಟರಿಗೆ ಜೋಡಿಸುವ ಪುಟ್ಟ ಯುಪಿಎಸ್ ಚೀಲದಲ್ಲಿರಲಿ. ಪ್ರತಿ ಊರಿನಲ್ಲೂ ಎರಡನೆಯ ಜಾಗ, ಅಂದರೆ ಜನರೇಟರ್ ಇರುವ ಲಾಡ್ಜ್ ಅಥವಾ ಹೋಟೆಲ್ಲನ್ನು, ಮೊದಲ ಭಾನುವಾರವೇ ನೋಡಿ ಮಾತಾಡಿಕೊಂಡಿರಿ. ವಿದ್ಯುತ್ ದೂರಿಗೆ 1912 ಸಂಖ್ಯೆ.

ಕುರ್ಚಿಯ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಂಚದ ಮೇಲೆ ಕುಳಿತು ಹತ್ತು ದಿನ ಕೆಲಸ ಮಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಬೆನ್ನಿಗೆ ಆಧಾರವಿರುವ ಕುರ್ಚಿ ಮತ್ತು ಮೇಜಿನ ಫೋಟೋ ನೋಡದೆ ಮುಂಗಡ ಕೊಡಬೇಡಿ.

ಗಡಿಯಾರವನ್ನೂ ನೋಡಿಕೊಳ್ಳಿ. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ನ್ಯೂಯಾರ್ಕಿನವರ ಬೆಳಗಿನ ಒಂಬತ್ತರ ಸಭೆ ನಮಗೆ ಸಂಜೆ ಆರೂವರೆಯಿಂದ ಏಳೂವರೆಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಈ ಒಂದು ಗಂಟೆ ಗಮನಕ್ಕೂ ಬರುವುದಿಲ್ಲ, ಆದರೆ ಒಂಬತ್ತಕ್ಕೆ ಹೋಟೆಲು ಮುಚ್ಚುವ ಸಣ್ಣ ಊರಿನಲ್ಲಿ ರಾತ್ರಿಯೂಟವೇ ತಪ್ಪುತ್ತದೆ.

ದುಡ್ಡು, ಆರೋಗ್ಯ, ಜೊತೆ

ಈ ಪ್ರಯಾಣದ ಅತಿ ದೊಡ್ಡ ಖರ್ಚು ಪ್ರಯಾಣದ್ದಲ್ಲ, ಖಾಲಿ ಬಿದ್ದಿರುವ ಬೆಂಗಳೂರಿನ ಕೋಣೆಯ ಬಾಡಿಗೆ. ಎರಡು ಕಡೆ ಬಾಡಿಗೆ ಕಟ್ಟುವ ಶಕ್ತಿ ಇಲ್ಲದಿದ್ದರೆ ಕರಾರು ಮುಗಿಯುವ ತಿಂಗಳಿಗೇ ಹೊರಡುವ ದಿನವನ್ನು ಹೊಂದಿಸಿ, ಸಾಮಾನನ್ನು ಊರಿಗೆ ಸಾಗಿಸಿ, ಮರಳಿ ಬರುವ ಅಡ್ವಾನ್ಸನ್ನು ಮುಟ್ಟದೆ ಇಡಿ. ಬಂದ ಮೇಲೆ ಹೊಸ ಮನೆಗೆ ಅದೇ ಬೇಕಾಗುತ್ತದೆ. ಹೋಮ್‌ಸ್ಟೇಗಳ ದಿನದ ದರವನ್ನು ಮೂವತ್ತರಿಂದ ಗುಣಿಸಿ ಹೆದರಬೇಡಿ, ತಿಂಗಳ ಲೆಕ್ಕ ಕೇಳಿದರೆ ಸಾಕಷ್ಟು ಇಳಿಸುತ್ತಾರೆ.

ಡಿಸೆಂಬರಿನಿಂದ ಬೇಸಿಗೆಯವರೆಗೆ ಶಿವಮೊಗ್ಗ, ಉತ್ತರ ಕನ್ನಡಗಳ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗು ಎಂಬ ರಕ್ತ ಹೀರುವ ಪುಟ್ಟ ಹುಳು ಕಚ್ಚುವುದರಿಂದ ಹರಡುತ್ತದೆ. ಮಂಗ ಸತ್ತಿದೆ ಎಂಬ ಸುದ್ದಿಯಿರುವ ಕಡೆ ಕಾಡಿಗೆ ಇಳಿಯಬೇಡಿ. ಹೋಗಿಬಂದ ಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ತಪ್ಪದೆ ಹೇಳಿ.

ಒಬ್ಬರೇ ಹೊರಡುವ ಹೆಣ್ಣುಮಕ್ಕಳು, ಗಂಡುಮಕ್ಕಳೂ, ಮಾಲೀಕರ ಕುಟುಂಬ ಅದೇ ಅಂಗಳದಲ್ಲಿ ವಾಸವಾಗಿರುವ ಮನೆಯನ್ನೇ ಆರಿಸುವುದು ಲೇಸು. ಮನೆಯ ವಿಳಾಸ, ಮಾಲೀಕರ ಫೋನ್ ಸಂಖ್ಯೆ ಅಪ್ಪ ಅಮ್ಮನ ಬಳಿ ಇರಲಿ, ತುರ್ತಿಗೆ 112 ನೆನಪಿರಲಿ. ಅಮ್ಮನಿಗೆ ಪ್ರತಿ ರಾತ್ರಿ ಎಂಟಕ್ಕೆ ಫೋನು ಮಾಡುತ್ತೇನೆಂದು ಮಾತು ಕೊಡಬೇಡಿ, ಸಭೆಯಿಂದಾಗಿ ಒಂದು ದಿನ ತಪ್ಪಿದರೂ ಅಲ್ಲಿ ನಿದ್ರೆ ಹೋಗುತ್ತದೆ. ಬೆಳಗಿನ ಕಾಫಿಯ ಹೊತ್ತು ಇಬ್ಬರಿಗೂ ಸರಿಯಾಗುತ್ತದೆ.

ಒಂಟಿತನ ಮೊದಲ ವಾರ ಬರುವುದಿಲ್ಲ, ಹೊಸತನ ಕಳೆದ ಮೇಲೆ ಒಂದು ಸಂಜೆ ಏಕಾಏಕಿ ಬರುತ್ತದೆ. ಅದಕ್ಕೂ ಮೊದಲೇ ತಯಾರಿ ಬೇಕು. ದಿನವೂ ಒಂದೇ ಹೋಟೆಲಿನಲ್ಲಿ, ಒಂದೇ ಹೊತ್ತಿಗೆ ಊಟ ಮಾಡಿ. ಎಂಟನೆಯ ದಿನ ಬಡಿಸುವವರು ಕುಚ್ಚಲಕ್ಕಿಯ ಅನ್ನವೋ ಬೆಳ್ತಿಗೆಯ ಬಿಳಿ ಅನ್ನವೋ ಎಂದು ಕೇಳದೆಯೇ ಬಡಿಸುತ್ತಾರೆ. ಕರಾವಳಿಯಲ್ಲಿ ನವೆಂಬರಿನಿಂದ ಮೇ ತಿಂಗಳವರೆಗೆ ಯಕ್ಷಗಾನ ಮೇಳಗಳ ತಿರುಗಾಟ ನಡೆಯುತ್ತದೆ, ಶುಕ್ರವಾರ ರಾತ್ರಿ ಗದ್ದೆಯ ಬಯಲಿನಲ್ಲಿ ಚಂಡೆಯ ಸದ್ದು ಕೇಳಿದರೆ ಹೋಗಿ ಕುಳಿತುಬಿಡಿ. ಪಕ್ಕದವರು ಪ್ರಸಂಗ ಯಾವುದೆಂದು ಹೇಳುತ್ತಾರೆ, ಕಡಲೆ ಹಂಚಿಕೊಳ್ಳುತ್ತಾರೆ.

ಹೊರಡುವ ದಿನಕ್ಕೆ ನಾಲ್ಕು ದಿನ ಮೊದಲು ಲೆಕ್ಕ ಚುಕ್ತಾ ಮಾಡಿ, ಮುಂದಿನ ಊರಿನಲ್ಲಿ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಮನೆಯವರನ್ನು ಕೇಳಿ. ಶಿರಸಿಯ ಆ ತೋಟದ ಮನೆ ನನಗೆ ಸಿಕ್ಕಿದ್ದು ಯಾವ ಆ್ಯಪಿನಿಂದಲೂ ಅಲ್ಲ. ಮಣಿಪಾಲದ ಮನೆಯ ಅಕ್ಕನಿಗೆ ಅದು ಚಿಕ್ಕಮ್ಮನ ಮನೆಯಾಗಿತ್ತು.