ಮನೆಯೊಳಗಿನ ಹೊಗೆ: ಮಗುವಿನ ಮಾತು ಅಪ್ಪನಿಗೆ ಮುಟ್ಟಬೇಕಾದರೆ

ಶಾಲೆಯ ಆಪ್ತಸಮಾಲೋಚನೆಯಲ್ಲಿ "ಅಪ್ಪ ಸಿಗರೇಟು ಸೇದ್ತಾರಾ?" ಎಂದು ನೇರವಾಗಿ ಕೇಳಿದರೆ, ಅಪ್ಪನ ಮಾನ ಕಾಯಲು ಮಗು ಇಲ್ಲ ಎಂದುಬಿಡುತ್ತದೆ. ಹಾಗಾಗಿ ನಾನು ಮನೆಯ ಚಿತ್ರ ಬರೆಸುತ್ತೇನೆ. ಎಲ್ಲಿ ಕೂರಲು ಇಷ್ಟ, ಎಲ್ಲಿ ಬೇಜಾರು ಎಂದು ಗುರುತು ಹಾಕುವಾಗ ಹೊಗೆಯ ಮಾತು ತಾನೇ ಬರುತ್ತದೆ.

ಚಿಕ್ಕವರಲ್ಲಿ ಭಯವೇ ಹೆಚ್ಚು. ಪ್ಯಾಕಿನ ಮೇಲಿನ ಚಿತ್ರ ನೋಡಿ ಅಪ್ಪ ಸತ್ತುಹೋಗುತ್ತಾರೆ ಎಂದೇ ನಂಬಿರುತ್ತಾರೆ. ರಾತ್ರಿ ಅಪ್ಪ ಕೆಮ್ಮಿದರೆ ಎಚ್ಚರವಾಗುತ್ತಾರೆ. ದೊಡ್ಡ ಮಕ್ಕಳಿಗೆ ಯೂನಿಫಾರಂ ವಾಸನೆಯ ನಾಚಿಕೆ. ಅಂಗಡಿಗೆ ಕಳಿಸಿ ಸಿಗರೇಟು ತರಿಸಿದರೆ, "ನಾನೇ ತಂದುಕೊಟ್ಟೆ" ಎಂಬ ಸಂಕಟ ಬೇರೆ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ಮಾರುವುದೇ ಅಪರಾಧ.

ಮಗು ಒಪ್ಪಿದರೆ ಮಾತ್ರ "ನನಗೆ" ಎಂದು ಶುರುವಾಗುವ ಒಂದೇ ವಾಕ್ಯ ಬರೆಸುತ್ತೇನೆ. ಅಪ್ಪ ಅದನ್ನು ಓದುವಾಗ ಮಗು ಕೋಣೆಯಲ್ಲಿರಬಾರದು. ಕೆಲಸ ಕೆಡುವುದು ಅಮ್ಮ ಮಗುವನ್ನು ಕಾವಲಿಗೆ ನಿಲ್ಲಿಸಿದಾಗ: ಮಗು ಪ್ಯಾಕು ಬಚ್ಚಿಟ್ಟು ಏಟು ತಿನ್ನುತ್ತದೆ, ಅಪ್ಪ ಮತ್ತೆ ಸೇದಿದರೆ ತನ್ನದೇ ಸೋಲು ಎಂದುಕೊಳ್ಳುತ್ತದೆ. "ಬಿಡಿಸೋದು ನಿನ್ನ ಕೆಲಸ ಅಲ್ಲ ಪುಟ್ಟಾ" ಎಂದು ಬಿಡಿಸಿ ಹೇಳಲೇಬೇಕು.

ಬಿಡಲು ಸಿದ್ಧರಿಲ್ಲದವರಿಂದಲೂ ಮೊದಲು ಕೇಳುವುದು ಒಂದೇ: ಸೂರಿನಡಿ ಬೇಡ, ಕಾರಿನಲ್ಲೂ ಬೇಡ. ಕಿಟಕಿ, ಫ್ಯಾನು, ಎಸಿ ಯಾವುದೂ ಹೊಗೆಯನ್ನು ಪೂರ್ತಿ ತೆಗೆಯುವುದಿಲ್ಲ. ಬಚ್ಚಲಿನಿಂದಲೂ ಅದು ಮನೆಗೆ ಹರಡುತ್ತದೆ. ಸೇದಿ ಬಂದವರು ಕೈ ತೊಳೆದು ಅಂಗಿ ಬದಲಿಸಿ ಕೂಸನ್ನು ಎತ್ತಿಕೊಳ್ಳಲಿ. ಈ ನಿಯಮ ಹೆಚ್ಚಾಗಿ ಮುರಿಯುವುದು ಅಜ್ಜನ ಬೀಡಿಯಲ್ಲಿ. ಹೇಳಲು ಮಗನಿಗೆ ಸಂಕೋಚ; ಅವರ ಡಾಕ್ಟರಿಂದ ಹೇಳಿಸುವುದೇ ಲೇಸು.

ಬಿಡುವ ಮನಸ್ಸಾದವರಿಗೆ ಡಾಕ್ಟರನ್ನು ಕೇಳಿ ನಿಕೋಟಿನ್ ಗಮ್ ಶುರುಮಾಡಲು ಹೇಳುತ್ತೇನೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ, ಉಳಿದವರಿಗೆ 2. ಬಬಲ್‌ಗಮ್ಮಿನಂತೆ ಒಂದೇ ಸಮನೆ ಅಗಿದರೆ ರಸ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ. ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ನಿಧಾನ ಅಗಿದು, ಚುರುಚುರು ಎಂದೊಡನೆ ಕೆನ್ನೆಯ ಒಳಗೆ ಒತ್ತಿಡಬೇಕು, ಆಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿ, ಟೀ ಬೇಡ; ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗದು.

ಮೊದಲ ವಾರ ಸಿಡಿಮಿಡಿ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ಕೋಪ ನಿನ್ನ ಮೇಲಲ್ಲ ಎಂದು ಅಪ್ಪನೇ ಮಗುವಿಗೆ ಮುಂಚೆ ಹೇಳಿರಲಿ. ತಡೆಯಲಾಗದಿದ್ದರೆ ಉಚಿತ ಸಹಾಯವಾಣಿ 1800-11-2356 ಇದೆ, ಕನ್ನಡದಲ್ಲೇ ಮಾತಾಡಬಹುದು.