ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಮೊದಲು ಇದನ್ನು ಮಾಡಿ ನೋಡಿ

ಕೆಲಸದ ನಡುವೆಯೇ ಲ್ಯಾಪ್‌ಟಾಪ್ ನಿಂತುಹೋಗಿ, ಮತ್ತೆ ಆನ್ ಆಗುತ್ತಿಲ್ಲವೇ? ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ತೆಗೆಯಿರಿ. ಬ್ಯಾಟರಿ ಕಳಚುವಂತಿದ್ದರೆ ಅದನ್ನೂ. ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು, ಆಮೇಲೆ ಚಾರ್ಜರ್ ಮಾತ್ರ ಜೋಡಿಸಿ ಆನ್ ಮಾಡಿ. ಒಳಗೆ ಉಳಿದ ವಿದ್ಯುತ್ ಹರಿದುಹೋಗುವುದರಿಂದ ಎಷ್ಟೋ ಸಲ ಇಷ್ಟಕ್ಕೇ ಜೀವ ಬರುತ್ತದೆ.

ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಅದರ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ತೊಂದರೆ ಇರುವುದು ಹಿಂಬೆಳಕಿನಲ್ಲಿ, ಅಂದರೆ ಪರದೆಯನ್ನು ಹಿಂದಿನಿಂದ ಬೆಳಗುವ ದೀಪದಲ್ಲಿ. ಆಗ ರಿಪೇರಿಯವರು ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಬದಲಿಸಿ ಎಂದರೆ ತಕ್ಷಣ ತಲೆಯಾಡಿಸಬೇಡಿ.

ವಿಂಡೋಸ್ ಲೋಗೋ ಬಂದು ಅಲ್ಲಿಯೇ ನಿಂತರೆ, ಗುಂಡಿ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಆನ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿದರೆ ಸಾಮಾನ್ಯವಾಗಿ ದುರಸ್ತಿಯ ಆಯ್ಕೆಗಳಿರುವ ರಿಕವರಿ ಪರದೆ ತೆರೆಯುತ್ತದೆ. ಅಲ್ಲಿಂದ ಸೇಫ್ ಮೋಡ್‌ಗೆ (ಅಗತ್ಯವಾದಷ್ಟರಿಂದ ಮಾತ್ರ ವಿಂಡೋಸ್ ನಡೆಯುವ ಸ್ಥಿತಿ) ಹೋಗಿ ಮೊದಲು ಕಡತಗಳನ್ನು ನಕಲಿಸಿಕೊಳ್ಳಿ. ರೀಸೆಟ್, ಅಂದರೆ ವಿಂಡೋಸ್ ಅನ್ನು ಹೊಸದಾಗಿ ಹಾಕುವ ಮಾತು ಆಮೇಲೆ.